ಬೋಗಾದಿಯ ಮನೆಯಂಗಳಕ್ಕೆ ಹೂವಿನ ಮರ: ಎಂಟಡಿಯ ಸಂಪಿಗೆಗೆ 2,800 ರೂಪಾಯಿ ಕೊಡಬಹುದೇ?

ಬೋಗಾದಿ ಹೊಸಮನೆ:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಬೋಗಾದಿಯಲ್ಲಿ ಮನೆ ಕಟ್ಟಿ ಮುಗಿಸಿದ್ದೇವೆ. 40×60 ನಿವೇಶನ, ಪಶ್ಚಿಮಕ್ಕೆ ಬಾಗಿಲು. ಮುಂಭಾಗದ ಮೂಲೆಯಲ್ಲಿ ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದದ ಜಾಗ ಉಳಿದಿದೆ. ಅಲ್ಲಿ ಒಂದೇ ಒಂದು ಹೂವಿನ ಮರ ಹಾಕಬೇಕೆಂದಿದ್ದೇವೆ. ಅಮ್ಮನಿಗೆ ಪೂಜೆಗೆ ಹೂವು ಬೇಕು, ಹೆಂಡತಿಗೆ ಸಂಜೆ ಬಿಸಿಲಿಗೆ ನೆರಳು ಬೇಕು. ಮಗಳಿಗೆ ಟಬೆಬೂಯಾ ಬೇಕು, ಆ ಮರ ಅರಳಿ ಗುಲಾಬಿ ಬಣ್ಣಕ್ಕೆ ತಿರುಗಿದ ಬೆಂಗಳೂರಿನ ರಸ್ತೆಗಳ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದ್ದಾಳೆ. ನನಗೆ ಬೇಗ ಹೂವು ಬಂದರೆ ಸಾಕು.

ವರ್ತುಲ ರಸ್ತೆಯ ಬಳಿಯ ಒಂದು ನರ್ಸರಿಯಲ್ಲಿ ಎಂಟಡಿ ಎತ್ತರದ ಸಂಪಿಗೆ ಇದೆ. ಈಗಲೇ ನಾಲ್ಕಾರು ಹೂವು ಬಿಟ್ಟಿದೆ. 2,800 ಹೇಳುತ್ತಿದ್ದಾರೆ, ತಂದು ನೆಟ್ಟೂ ಕೊಡುತ್ತಾರಂತೆ. ಅದರ ಪಕ್ಕದಲ್ಲೇ ಎರಡೂವರೆ ಅಡಿಯ ಸಸಿ 350ಕ್ಕೆ ಇದೆ. ದೊಡ್ಡದನ್ನೇ ಕೊಂಡರೆ ಎರಡು ಮೂರು ವರ್ಷ ಕಾಯುವುದು ತಪ್ಪುತ್ತದಲ್ಲವೇ? ತಿಳಿದವರು ಹೇಳಿ. ಬೇರೆ ಮರಗಳನ್ನೂ ಸೂಚಿಸಿ, ಗುಲ್ಮೊಹರ್ ಒಂದನ್ನು ಬಿಟ್ಟು.

ದಟ್ಟಗಳ್ಳಿ ರಾತ್ರಿಪಾಳಿ:
ಗುಲ್ಮೊಹರ್ ಮೇಲೆ ಏನು ಕೋಪ ಸಾರ್?

ಬೋಗಾದಿ ಹೊಸಮನೆ:
ಹಿಂದಿನ ಬಾಡಿಗೆ ಮನೆಯ ಎದುರಿದ್ದ ಗುಲ್ಮೊಹರ್ ಕೊಂಬೆ ಗಾಳಿಮಳೆಗೆ ಮುರಿದು ನಮ್ಮ ಕಾರಿನ ಮೇಲೆ ಬಿದ್ದಿತ್ತು. ಕೋಪಕ್ಕೆ ಇನ್ನೇನು ಬೇಕು?

ಸಸಿಗಾಡಿ:
ನಾನು ಬಹಳ ವರ್ಷ ನರ್ಸರಿಯಲ್ಲೇ ಕೆಲಸ ಮಾಡಿದವನು. ಗಿಡದ ತಲೆ ನೋಡಬೇಡಿ ಸಾರ್, ಬುಡ ನೋಡಿ. ಮಣ್ಣಿನಿಂದ ಒಂದು ಗೇಣು ಮೇಲೆ ಕಾಂಡದಲ್ಲಿ ಓರೆಯಾದ ಗಂಟು ಇದೆಯೇ? ಇದ್ದರೆ ಅದು ಕಸಿ ಗಿಡ. ಕಸಿ ಸಂಪಿಗೆ ಎರಡು ಮೂರು ವರ್ಷದಲ್ಲಿ ಹೂವು ಬಿಡುತ್ತದೆ. ಬೀಜದ ಗಿಡವಾದರೆ ಏಳೆಂಟು ವರ್ಷ ಕಾಯಬೇಕು, ಕೆಲವು ಅದಕ್ಕಿಂತಲೂ ಹೆಚ್ಚು ಸತಾಯಿಸುತ್ತವೆ.

ಆಮೇಲೆ ಚೀಲವನ್ನು ಸ್ವಲ್ಪ ವಾಲಿಸಿ ತಳ ನೋಡಿ. ಬೇರು ಚೀಲ ಹರಿದುಕೊಂಡು ನೆಲಕ್ಕೆ ಇಳಿದಿದ್ದರೆ ಆ ಗಿಡ ಬದುಕಿರುವುದು ನರ್ಸರಿಯ ನೆಲದ ಮೇಲೆ. ನೀವು ದುಡ್ಡು ಕೊಟ್ಟ ಕೂಡಲೇ ಅದನ್ನು ಎಳೆದು ಕೀಳುತ್ತಾರೆ. ಒಳ್ಳೆಯ ಬೇರೆಲ್ಲ ಅಲ್ಲೇ ಉಳಿಯುತ್ತದೆ, ನಿಮ್ಮ ಮನೆಗೆ ಬರುವುದು ಕಾಂಡ ಮತ್ತು ಎಲೆ ಮಾತ್ರ. ಕೆಲವು ದಿನ ಹಸಿರಾಗಿದ್ದು ಆಮೇಲೆ ಒಣಗುತ್ತದೆ. ಫೋನ್ ಮಾಡಿ ಕೇಳಿದರೆ, ದಿನಾ ನೀರು ಹಾಕಿದೆ ಎಂದವರಿಗೆ "ನೀರು ಹೆಚ್ಚಾಯಿತು" ಎನ್ನುತ್ತಾರೆ, ದಿನ ಬಿಟ್ಟು ದಿನ ಹಾಕಿದೆ ಎಂದವರಿಗೆ "ಸಾಲದಾಯಿತು" ಎನ್ನುತ್ತಾರೆ.

ಹೂವು ಬಿಟ್ಟಿದೆ ಎಂದು ಮರುಳಾಗಬೇಡಿ. ಚೀಲದಲ್ಲಿ ಬೇರು ಸುತ್ತಿಕೊಂಡು ಇಕ್ಕಟ್ಟಿಗೆ ಸಿಕ್ಕಿದ ಗಿಡವೂ ಹೂವು ಬಿಡುತ್ತದೆ.

ಸರಸ್ವತಿಪುರದ ಅಜ್ಜಿ:
ಪೂಜೆಗೆ ಎಂದ ಮೇಲೆ ಪಾರಿಜಾತ ಹಾಕಪ್ಪ. ಏಣಿ ಬೇಡ, ದೋಟಿ ಬೇಡ. ಬೆಳಗ್ಗೆ ಎದ್ದು ಕೆಳಗೊಂದು ಬಿಳಿ ಪಂಚೆ ಹಾಸಿದ್ದರೆ ಹೂವು ತಾನಾಗಿ ಬಿದ್ದಿರುತ್ತದೆ. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸಬಹುದಾದದ್ದು ಅದೊಂದೇ. ನಿನ್ನ ಅಮ್ಮನ ಮೊಣಕಾಲಿನ ಬಗ್ಗೆಯೂ ಯೋಚಿಸು. ಸಂಪಿಗೆ ಇಪ್ಪತ್ತಡಿ ಬೆಳೆದ ಮೇಲೆ ಹೂವು ಯಾರು ಕೀಳುತ್ತಾರೆ?

ದಟ್ಟಗಳ್ಳಿ ರಾತ್ರಿಪಾಳಿ:
ಅಜ್ಜಿ, ಬಗ್ಗಿ ಆರಿಸುವುದಕ್ಕೂ ಮೊಣಕಾಲು ಬೇಕಲ್ಲವೇ?

ಸರಸ್ವತಿಪುರದ ಅಜ್ಜಿ:
ಪಂಚೆಯ ನಾಲ್ಕು ತುದಿ ಹಿಡಿದು ಎತ್ತಿದರೆ ಆಯಿತು. ನೀನು ರಾತ್ರಿಪಾಳಿ ಮುಗಿಸಿ ಮಲಗು.

ಸಸ್ಯಶಾಸ್ತ್ರದ ಮೇಷ್ಟ್ರು:
ಪಾರಿಜಾತ ಚಿಕ್ಕ ಜಾಗಕ್ಕೆ ಹೇಳಿ ಮಾಡಿಸಿದ ಮರ, ಒಪ್ಪುತ್ತೇನೆ. ಸವರಿದರೆ ಹತ್ತು ಹನ್ನೆರಡು ಅಡಿಗೆ ನಿಲ್ಲುತ್ತದೆ, ನೀರು ಕಡಿಮೆಯಾದರೂ ತಾಳುತ್ತದೆ. ಆದರೆ ಹೂವು ಮಳೆಗಾಲದ ಕೊನೆಯಿಂದ ಚಳಿ ಶುರುವಾಗುವವರೆಗೆ ಮಾತ್ರ. ಬೇಸಿಗೆಯಲ್ಲಿ ಎಲೆ ಉದುರಿ ಬೋಳಾಗಿ ನಿಂತಿರುತ್ತದೆ. ನಿಮ್ಮ ಮನೆಯವರು ಕೇಳಿದ ನೆರಳು ಮಾರ್ಚ್, ಏಪ್ರಿಲ್‌ನಲ್ಲಿ ಸಿಗುವುದಿಲ್ಲ.

ಹೂವಿನ ಮರ ಆರಿಸುವವರು ಇದನ್ನು ಮರೆತೇಬಿಡುತ್ತಾರೆ. ಬೇಸಿಗೆಯಲ್ಲಿ ಕಣ್ಣು ಕುಕ್ಕುವಂತೆ ಅರಳುವ ಮರಗಳಲ್ಲಿ ಹೆಚ್ಚಿನವು ಎಲೆ ಉದುರಿಸಿ ಅರಳುವಂಥವು. ಕಕ್ಕೆ, ಮುತ್ತುಗ, ಜಕರಂಡ, ಟಬೆಬೂಯಾ ಎಲ್ಲವೂ ಹಾಗೆಯೇ. ಪಶ್ಚಿಮದ ಬಾಗಿಲಿಗೆ ಸೂರ್ಯ ಮುಖಾಮುಖಿ ಬರುವ ತಿಂಗಳುಗಳಲ್ಲೇ ಅವು ಬೋಳಾಗಿರುತ್ತವೆ. ವರ್ಷವಿಡೀ ಎಲೆ ಬೇಕಾದರೆ ಸಂಪಿಗೆ ಅಥವಾ ಬಕುಳ. ಬಕುಳ ದಟ್ಟ ನೆರಳು ಕೊಡುತ್ತದೆ, ಹೂವು ಒಣಗಿದ ಮೇಲೂ ಕಂಪು ಬಿಡುವುದಿಲ್ಲ. ಬೆಳೆಯುವುದು ಮಾತ್ರ ಬಹಳ ನಿಧಾನ, ನೀವೋ ಅವಸರದಲ್ಲಿದ್ದೀರಿ.

ಚಿಟ್ಟೆ ಹುಚ್ಚು:
ಕಕ್ಕೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಮೇಷ್ಟ್ರೇ! ನಮ್ಮ ನೆಲದ ಮರ, ಏಪ್ರಿಲ್‌ನಲ್ಲಿ ಚಿನ್ನದ ಗೊಂಚಲು. ಎಮಿಗ್ರಂಟ್ ಚಿಟ್ಟೆಗಳು ಅದರ ಎಲೆಯ ಮೇಲೆಯೇ ಮೊಟ್ಟೆಯಿಡುತ್ತವೆ. ಮಳೆ ಬಿದ್ದ ಮೇಲೆ ಹಸಿರು ಹುಳುಗಳು ಎಳೆಯ ಎಲೆ ತಿನ್ನುವುದನ್ನು ಕಂಡು ಜನ ಔಷಧಿ ಹೊಡೆಯುತ್ತಾರೆ. ಹೊಡೆಯಬೇಡಿ. ಹುಳುಗಳೆಲ್ಲ ಚಿಟ್ಟೆಯಾಗಿ ಹೋದ ಮೇಲೆ ಮರ ಮತ್ತೆ ಚಿಗುರುತ್ತದೆ.

ಸರಸ್ವತಿಪುರದ ಅಜ್ಜಿ:
ಹುಳು ಬರುವ ಮರವನ್ನು ಬಾಗಿಲ ಮುಂದೆ ಹಾಕುತ್ತಾರೆಯೇ!

ನಾಲೆಬದಿ ಗೌಡ:
ನಾನು ಮದ್ದೂರು ಕಡೆಯವನು. ಮೈಸೂರಿನವರ ಸಲಹೆ ಕೇಳಿ ನಮ್ಮ ಕಡೆಯವರು ಮೋಸ ಹೋಗಬಾರದೆಂದು ಬರೆಯುತ್ತಿದ್ದೇನೆ. ನಮ್ಮದು ನಾಲೆ ನೀರಿನ ಕಪ್ಪು ನೆಲ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಕಬ್ಬು, ನಾಲೆಯಲ್ಲಿ ನೀರು ಬಿಟ್ಟರೆ ಅಂಗಳದಲ್ಲೇ ಜೌಗು. ನಮ್ಮ ಭಾವನ ಮನೆಯಲ್ಲಿ ಪಾರಿಜಾತ ಬುಡ ಕೊಳೆತು ಸತ್ತಿತು. ಅದಕ್ಕೆ ನೀರು ನಿಲ್ಲುವ ಜಾಗ ಆಗುವುದಿಲ್ಲ. ಅದೇ ಗುಂಡಿಯಲ್ಲಿ ಈಗ ಹೊಳೆದಾಸವಾಳ ನಿಂತಿದೆ. ಹೆಸರಿನಲ್ಲೇ ಹೊಳೆ ಇದೆಯಲ್ಲ ಸ್ವಾಮಿ, ನೀರಿಗೆ ಹೆದರುವುದಿಲ್ಲ. ಬೇಸಿಗೆಯಲ್ಲಿ ನೇರಳೆ ಹೂವು ಮೈತುಂಬಾ. ಬೋಗಾದಿ ಕೆಂಪು ನೆಲವಾದರೆ ನಿಮಗೆ ಆ ಭಯವಿಲ್ಲ.

ಸೈಟ್ ಇಂಜಿನಿಯರ್:
ಮರದ ಹೆಸರಿಗೆ ಬರುವ ಮೊದಲು ಒಂದು ಮಾತು. ಆ ಮೂಲೆಯಲ್ಲಿ ಸಂಪು ಎಲ್ಲಿದೆ, ಒಳಚರಂಡಿಯ ಚೇಂಬರ್ ಎಲ್ಲಿದೆ, ಮೇಲೆ ವಿದ್ಯುತ್ ತಂತಿ ಹಾದುಹೋಗುತ್ತದೆಯೇ, ಯಾವುದನ್ನೂ ನೀವು ಬರೆದಿಲ್ಲ. ಎಂಟಡಿಯದೋ ಎರಡಡಿಯದೋ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು ಇದು.

ಬೋಗಾದಿ ಹೊಸಮನೆ:
ಸಂಪು ಆ ಮೂಲೆಯಿಂದ ದೂರ, ಬಾಗಿಲಿನ ಇನ್ನೊಂದು ಬದಿಯಲ್ಲಿದೆ. ಚೇಂಬರ್ ಕಾಂಪೌಂಡ್‌ಗೆ ಅಂಟಿಕೊಂಡೇ ಇದೆ, ಗಿಡ ನೆಡಬೇಕೆಂದಿರುವ ಜಾಗಕ್ಕೆ ಏಳೆಂಟು ಅಡಿ. ತಂತಿ ರಸ್ತೆಯ ಆಚೆ ಬದಿಯಲ್ಲಿದೆ, ನಮ್ಮ ಕಡೆ ಇಲ್ಲ.

ಸೈಟ್ ಇಂಜಿನಿಯರ್:
ತಂತಿ ಇಲ್ಲದ್ದು ನಿಮ್ಮ ಪುಣ್ಯ. ಇದ್ದಿದ್ದರೆ ನೀವು ಬೆಳೆಸಿದ ಮರದ ಆಕಾರವನ್ನು ಲೈನ್‌ಮನ್ ತೀರ್ಮಾನಿಸುತ್ತಿದ್ದ.

ಪೈಪಿನ ಬಗ್ಗೆ ಜನರಿಗೆ ಅತಿಯಾದ ಭಯವಿದೆ. ಗಟ್ಟಿಯಾಗಿರುವ ಪೈಪನ್ನು ಬೇರು ಒಡೆಯುವುದು ಅಪರೂಪ. ಜೋಡಣೆಯಲ್ಲಿ ಸೋರುತ್ತಿದ್ದರೆ ಆ ತೇವ ಹುಡುಕಿಕೊಂಡು ಒಳಗೆ ಹೋಗುತ್ತದೆ, ಆಮೇಲೆ ಕಟ್ಟಿಕೊಳ್ಳುತ್ತದೆ. ಹೊಸ ಮನೆಯಾದ್ದರಿಂದ ಗುಂಡಿ ತೆಗೆಯುವ ಮೊದಲು ಚೇಂಬರಿನ ಜೋಡಣೆಗಳನ್ನು ಒಮ್ಮೆ ಪರೀಕ್ಷಿಸಿ. ಏಳೆಂಟು ಅಡಿ ಕಸಿ ಸಂಪಿಗೆಗೋ ಪಾರಿಜಾತಕ್ಕೋ ಸಾಕು. ಟಬೆಬೂಯಾ, ಜಕರಂಡ, ಆಕಾಶಮಲ್ಲಿಗೆ ಇವು ನಲವತ್ತು ಅಡಿ ದಾಟುವ ಮರಗಳು, ಮನೆಯಿಂದ ಹದಿನೈದು ಇಪ್ಪತ್ತು ಅಡಿಯಾದರೂ ಬೇಕು. ನಿಮ್ಮ ಜಾಗವೇ ಹನ್ನೆರಡು ಅಡಿ. ಮಗಳಿಗೆ ಬೇಸರವಾದರೂ ಹೇಳಲೇಬೇಕು.

ಕುಕ್ಕರಹಳ್ಳಿ ಕಾಲುದಾರಿ:
ಮಗಳನ್ನು ಬೆಂಗಳೂರಿಗೇ ಕರೆದುಕೊಂಡು ಹೋಗಿ ತೋರಿಸಿ. ಆ ಗುಲಾಬಿ ಮರಗಳನ್ನೆಲ್ಲ ನೂರು ವರ್ಷದ ಹಿಂದೆ ಲಾಲ್‌ಬಾಗ್‌ನ ತೋಟಗಾರಿಕೆ ತಜ್ಞ ಕ್ರುಂಬಿಗಲ್ ನೆಡಿಸಿದ್ದು, ಅವರ ದೂರದೃಷ್ಟಿ ನೋಡಿ.

ಸಸ್ಯಶಾಸ್ತ್ರದ ಮೇಷ್ಟ್ರು:
ಎಲ್ಲವನ್ನೂ ಕ್ರುಂಬಿಗಲ್ ಅವರ ತಲೆಗೆ ಕಟ್ಟಬೇಡಿ. ಜರ್ಮನಿಯ ಅವರು 1908ರಲ್ಲಿ ಲಾಲ್‌ಬಾಗ್‌ಗೆ ಬಂದದ್ದು, ಒಂದಾದ ಮೇಲೊಂದು ಅರಳುವ ಮರಗಳನ್ನು ರಸ್ತೆಗಳಿಗೆ ಯೋಜಿಸಿದ್ದು ನಿಜ. ಆದರೆ ಈಗ ಜನ ಚಿತ್ರ ತೆಗೆಯುವ ಟಬೆಬೂಯಾಗಳಲ್ಲಿ ಬಹಳಷ್ಟು 1980ರ ದಶಕದವು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಕಾಲದಲ್ಲಿ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸಸಿ ನೆಡಲಾಯಿತು.

ಕುಕ್ಕರಹಳ್ಳಿ ಕಾಲುದಾರಿ:
ತಿದ್ದಿದ್ದಕ್ಕೆ ಧನ್ಯವಾದ. ಆದರೂ ಕ್ರುಂಬಿಗಲ್ ದೊಡ್ಡವರೇ.

ಸಸ್ಯಶಾಸ್ತ್ರದ ಮೇಷ್ಟ್ರು:
ಚಿಕ್ಕವರೆಂದು ಯಾರು ಹೇಳಿದರು?

ವಾಸ್ತು ವಿಚಾರ:
ಮನೆಯ ಮುಂದೆ ಸಂಪಿಗೆ ಬೇಡವೇ ಬೇಡ. ಆ ವಾಸನೆಗೆ ನಾಗರಹಾವು ಬರುತ್ತದೆ. ಹಿರಿಯರು ಸುಮ್ಮನೆ ಹೇಳಿಲ್ಲ.

ಚಿಟ್ಟೆ ಹುಚ್ಚು:
ಹಾವಿಗೆ ಹೂವಿನಿಂದ ಏನು ಲಾಭ? ಅದು ನಾಲಿಗೆ ಚಾಚಿ ವಾಸನೆ ಹಿಡಿಯುವುದು ಇಲಿ, ಕಪ್ಪೆಗಳನ್ನು ಹುಡುಕುವುದಕ್ಕೆ. ಬೋಗಾದಿಯಂಥ ಹೊಸ ಬಡಾವಣೆಗಳಲ್ಲಿ ಪಕ್ಕದ ಖಾಲಿ ನಿವೇಶನದಲ್ಲಿ ಪೊದೆ, ಕಸ, ಕಲ್ಲಿನ ರಾಶಿ. ಇಲಿ ಅಲ್ಲಿ, ಹಾವೂ ಅಲ್ಲಿ. ಪಕ್ಕದ ನಿವೇಶನ ಸ್ವಚ್ಛ ಮಾಡಿಸಿ.

ವಾಸ್ತು ವಿಚಾರ:
ನಮ್ಮ ಅಜ್ಜನ ಮನೆಯ ಸಂಪಿಗೆ ಮರದಲ್ಲಿ ಕಣ್ಣಾರೆ ನೋಡಿದ್ದೇನೆ.

ದಟ್ಟಗಳ್ಳಿ ರಾತ್ರಿಪಾಳಿ:
ನಮ್ಮ ಕಾರ್ಖಾನೆಯ ಸೈಕಲ್ ನಿಲ್ದಾಣದಲ್ಲೂ ನೋಡಿದ್ದೇವೆ. ಅಲ್ಲಿ ಯಾವ ಸಂಪಿಗೆಯೂ ಇಲ್ಲ.

ನಾಲೆಬದಿ ಗೌಡ:
ಗದ್ದೆ ಬದುವಿನಲ್ಲಿ ದಿನಾ ನೋಡುತ್ತೇವೆ. ಭತ್ತಕ್ಕೂ ಕಂಪು ಇದೆಯೆಂದು ಹೇಳಿ ಸ್ವಾಮಿ, ಬೆಲೆಯಾದರೂ ಏರಲಿ.

ಬೋಗಾದಿ ಹೊಸಮನೆ:
ಇವತ್ತು ಮತ್ತೆ ನರ್ಸರಿಗೆ ಹೋಗಿದ್ದೆ. ಸಸಿಗಾಡಿ ಅವರು ಹೇಳಿದಂತೆ ಬುಡ ನೋಡಿದೆ. ದೊಡ್ಡ ಗಿಡದ ಕಾಂಡದಲ್ಲಿ ಗಂಟು ಇದೆ, ಕಸಿಯೇ. ಚೀಲ ಅಲುಗಾಡಿಸಲು ಹೋದರೆ ಕದಲಲಿಲ್ಲ. ಅಲ್ಲಿನ ಹುಡುಗ "ಭಾರ ಸಾರ್" ಎಂದ. ಮಣ್ಣು ಕಪ್ಪಗೆ, ಹಸಿ ಸೋಪಿನಂತೆ ಅಂಟುತ್ತಿತ್ತು. ಕೇಳಿದ್ದಕ್ಕೆ ಆಂಧ್ರದಿಂದ ಲಾರಿಯಲ್ಲಿ ಬಂದದ್ದು ಎಂದರು. ಚಿಕ್ಕದು ಇಲ್ಲೇ ಕಸಿ ಮಾಡಿದ್ದಂತೆ, ಕೆಂಪು ಮಣ್ಣಿನಲ್ಲಿದೆ.

ಸಸಿಗಾಡಿ:
ಹಾಗಾದರೆ ಕದಲದಿರುವುದಕ್ಕೆ ಕಾರಣ ಭಾರವಲ್ಲ, ಬೇರು ನೆಲಕ್ಕಿಳಿದಿದೆ. ಅದು ಗೋದಾವರಿ ತೀರದ ಕಡಿಯಂ ಕಡೆಯ ಗಿಡವಿರಬೇಕು. ಅಲ್ಲಿಂದ ದೇಶಕ್ಕೆಲ್ಲ ಗಿಡ ಹೋಗುತ್ತದೆ, ಬೆಳೆಸುವುದರಲ್ಲಿ ಅವರು ನಿಪುಣರು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಆ ಜೇಡಿಮಣ್ಣಿನ ಉಂಡೆಯಲ್ಲಿ. ದೂರದ ಪ್ರಯಾಣದಲ್ಲಿ ಬೇರು ಅಲುಗದಂತೆ ಅದು ಹಿಡಿದಿಡುತ್ತದೆ. ಆದರೆ ಅದನ್ನು ಹಾಗೆಯೇ ನಮ್ಮ ಕೆಂಪು ಮಣ್ಣಿನ ಗುಂಡಿಯಲ್ಲಿ ಇಟ್ಟರೆ ಒಣಗಿ ಕಲ್ಲಾಗುತ್ತದೆ. ನೀವು ಹಾಕಿದ ನೀರೆಲ್ಲ ಉಂಡೆಯ ಪಕ್ಕದಿಂದ ಇಳಿದುಹೋಗುತ್ತದೆ. ಹೊರಗೆ ನೆಲ ಹಸಿ, ಒಳಗೆ ಬೇರು ಒಣ.

ಅದನ್ನೇ ಕೊಳ್ಳುವ ಆಸೆ ಇದ್ದರೆ ಒಂದು ಷರತ್ತು ಹಾಕಿ. ಮುಂಗಡ ಕೊಟ್ಟು, ಇಳಿದ ಬೇರು ಕತ್ತರಿಸಿ, ಗಿಡದ ಜಾಗ ಬದಲಿಸಿ, ನರ್ಸರಿಯ ನೆರಳಿನಲ್ಲೇ ಒಂದು ತಿಂಗಳು ಇಡಲು ಹೇಳಿ. ಹೊಸ ಚಿಗುರು ಬಂದ ಮೇಲೆ ಮಿಕ್ಕ ಹಣ ಕೊಡಿ. ಒಪ್ಪದಿದ್ದರೆ ಅವರಿಗೇ ಗಿಡದ ಮೇಲೆ ನಂಬಿಕೆ ಇಲ್ಲ ಎಂದಾಯಿತು. ನಾನಾಗಿದ್ದರೆ ಚಿಕ್ಕದನ್ನೇ ತರುತ್ತಿದ್ದೆ. ನೆಟ್ಟ ಮೇಲೆ ದೊಡ್ಡ ಗಿಡ ಬೇರು ಕೂಡಿಸಿಕೊಳ್ಳಲು ಒಂದೆರಡು ವರ್ಷ ಸುಮ್ಮನೆ ನಿಲ್ಲುತ್ತದೆ, ಚಿಕ್ಕದು ಅಷ್ಟರಲ್ಲಿ ಓಡುತ್ತಿರುತ್ತದೆ.

ಕುಕ್ಕರಹಳ್ಳಿ ಕಾಲುದಾರಿ:
ಇದು ಉತ್ಪ್ರೇಕ್ಷೆ. ನಮ್ಮ ಬೀದಿಯಲ್ಲಿ ಆರಡಿಯ ಗಿಡ ತಂದು ನೆಟ್ಟವರಿದ್ದಾರೆ, ಚೆನ್ನಾಗಿಯೇ ಇದೆ.

ಸಸಿಗಾಡಿ:
ಇರಬಹುದು ಸಾರ್. ಎಲ್ಲ ದೊಡ್ಡ ಗಿಡವೂ ಸಾಯುತ್ತದೆ ಎಂದು ನಾನು ಬರೆದಿಲ್ಲ, ಬೇರು ನೆಲಕ್ಕಿಳಿದದ್ದನ್ನು ಕಿತ್ತು ತರಬೇಡಿ ಎಂದೆ.

ಮಡಿಕೇರಿಯಿಂದ ಬಂದವಳು:
ಜೂನ್‌ವರೆಗೆ ಕಾಯಿರಿ, ಮಳೆ ಶುರುವಾದ ಮೇಲೆ ನೆಟ್ಟರೆ ನೀರಿನ ಚಿಂತೆಯೇ ಇಲ್ಲ.

ನಾಲೆಬದಿ ಗೌಡ:
ಅಕ್ಕಾ, ಅದು ನಿಮ್ಮ ಮಡಿಕೇರಿಯಲ್ಲಿ. ಮೈಸೂರು, ಮಂಡ್ಯದಲ್ಲಿ ಮಳೆ ಬರುವುದು ಮೇ ತಿಂಗಳಲ್ಲಿ ಗುಡುಗಿನ ಜೊತೆ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಡುವೆ ಜೂನ್, ಜುಲೈ ಎಂದರೆ ಮೋಡ, ಗಾಳಿ, ತುಂತುರು. ಕೊಡೆ ಬಿಚ್ಚುವಷ್ಟು ಬರುತ್ತದೆ, ಬೇರಿಗೆ ಇಳಿಯುವಷ್ಟು ಬರುವುದಿಲ್ಲ. "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ" ಎಂದು ನಮ್ಮವರು ಹೇಳುವುದು ಸುಮ್ಮನೆಯೇ? ಜೂನ್‌ನಲ್ಲಿ ನೆಡಿ, ಬಿಸಿಲು ಕಡಿಮೆ ಇರುವುದರಿಂದ ಒಳ್ಳೆಯದೇ. ಆದರೆ ಮಳೆ ನಂಬಿ ಬಿಂದಿಗೆ ಮೂಲೆಗೆ ಇಡಬೇಡಿ.

ಮಡಿಕೇರಿಯಿಂದ ಬಂದವಳು:
ಅದಕ್ಕೇ ನಮ್ಮ ಬಾಡಿಗೆ ಮನೆಯ ಗಿಡಗಳು ಜುಲೈನಲ್ಲಿ ಬಾಡುತ್ತಿದ್ದವೋ ಏನೋ. ಗಾಳಿಯೂ ಬಹಳ ಇಲ್ಲಿ.

ಸೈಟ್ ಇಂಜಿನಿಯರ್:
ಗುಂಡಿಯ ವಿಷಯ ಯಾರೂ ಎತ್ತಿಲ್ಲ. ಹೊಸ ಮನೆಯ ಮುಂಭಾಗದಲ್ಲಿ ಮೇಲಿನ ಒಂದೂವರೆ ಅಡಿ ಮಣ್ಣೇ ಆಗಿರುವುದಿಲ್ಲ. ಸಿಮೆಂಟ್ ಚೂರು, ಇಟ್ಟಿಗೆ ಪುಡಿ, ಸುಣ್ಣ, ಟೈಲ್ಸ್ ತುಂಡು ಎಲ್ಲವನ್ನೂ ಅಲ್ಲೇ ಹರಡಿ ಮೇಲೆ ಎರಡು ಬಾಂಡಲಿ ಕೆಂಪು ಮಣ್ಣು ಚೆಲ್ಲಿ ಹೋಗುತ್ತಾರೆ. ನಮ್ಮ ವೃತ್ತಿಯವರೇ, ಗೊತ್ತಿದ್ದೇ ಹೇಳುತ್ತಿದ್ದೇನೆ. ಸುಣ್ಣದ ಅಂಶ ಹೆಚ್ಚಾದರೆ ಸಂಪಿಗೆಯ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹಾರೆ ಹಾಕಿ ನೋಡಿ, ಟಣ್ ಎಂದರೆ ಅಷ್ಟನ್ನೂ ತೆಗೆಸಿ ಹೊರಗೆ ಸಾಗಿಸಿ.

ಸಸ್ಯಶಾಸ್ತ್ರದ ಮೇಷ್ಟ್ರು:
ಒಳ್ಳೆಯ ಮಾತು. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಕನಿಷ್ಠ. ಹಾಳು ಮಣ್ಣಿದ್ದರೆ ಮೂರಡಿ. ಒಂದೆರಡು ವಾರ ಬಿಸಿಲಿಗೆ ತೆರೆದಿಡಿ. ಒಳ್ಳೆಯ ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗೆದ್ದಲು ಕಾಟವಿದ್ದರೆ ಒಂದೆರಡು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡ. ನೆಡುವಾಗ ಕಸಿಯ ಗಂಟು ಯಾವ ಕಾರಣಕ್ಕೂ ಮಣ್ಣಿನೊಳಗೆ ಹೋಗಬಾರದು, ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಆಗಾಗ ಚಿವುಟಬೇಕು. ಬಿಟ್ಟರೆ ಬೇರುಸಸಿಯೇ, ಅಂದರೆ ಕಸಿ ಕಟ್ಟಲು ಬುಡಕ್ಕೆ ಬಳಸಿದ ಬೀಜದ ಗಿಡವೇ, ಮೇಲೆದ್ದು ಕಸಿಯನ್ನು ನುಂಗಿಹಾಕುತ್ತದೆ. ನಿಮಗೆ ಉಳಿಯುವುದು ಏಳೆಂಟು ವರ್ಷ ಕಾಯಿಸುವ ಬೀಜದ ಗಿಡ.

ದಟ್ಟಗಳ್ಳಿ ರಾತ್ರಿಪಾಳಿ:
ಚೀಲ ಹರಿಯಲು ಮರೆಯಬೇಡಿ ಎಂದೂ ಬರೆಯಿರಿ ಮೇಷ್ಟ್ರೇ. ನಮ್ಮ ಬಡಾವಣೆಯಲ್ಲಿ ಪರಿಸರ ದಿನದಂದು ಚೀಲದ ಸಮೇತ ನೆಟ್ಟು ಫೋಟೋ ತೆಗೆಸಿಕೊಂಡರು.

ಚಿಟ್ಟೆ ಹುಚ್ಚು:
ಅಶೋಕದ ಬಗ್ಗೆ ಯಾರೂ ಹೇಳಲಿಲ್ಲ? ನೆರಳಿನ ಮೂಲೆಗೆ ಅದೂ ಒಳ್ಳೆಯದು. ನರ್ಸರಿಯಲ್ಲಿ ಕೇಳುವಾಗ ಮಾತ್ರ ಎಚ್ಚರ. ಸುಮ್ಮನೆ ಅಶೋಕ ಎಂದರೆ ಕಾಂಪೌಂಡ್ ಬದಿಗೆ ಸಾಲಾಗಿ ನೆಡುವ, ಕಂಬದಂತೆ ನೇರವಾಗಿ ಬೆಳೆಯುವ ಗಿಡವನ್ನು ಕೊಟ್ಟು ಕಳುಹಿಸುತ್ತಾರೆ. ಕಿತ್ತಳೆ, ಕೆಂಪು ಗೊಂಚಲು ಬಿಡುವುದು ಬೇಕಾದರೆ ಸೀತಾ ಅಶೋಕ ಎಂದೇ ಕೇಳಿ.

ಸಸಿಗಾಡಿ:
ಪಶ್ಚಿಮದ ಬಿಸಿಲಿಗೆ ಎಳೆಯ ಸೀತಾ ಅಶೋಕ ಸುಟ್ಟುಹೋಗುತ್ತದೆ ಮೇಡಂ. ಇವರ ಜಾಗಕ್ಕೆ ಬೇಡ.

ನಾಲೆಬದಿ ಗೌಡ:
ಶ್ರೀಗಂಧ ಹಾಕಿ ಸ್ವಾಮಿ, ಮಗಳ ಮದುವೆಗೆ ಆಗುತ್ತದೆ.

ಕುಕ್ಕರಹಳ್ಳಿ ಕಾಲುದಾರಿ:
ಮಗಳ ಮದುವೆಯವರೆಗೆ ರಾತ್ರಿಯಿಡೀ ಟಾರ್ಚ್ ಹಿಡಿದು ಕಾಯುವವರು ಯಾರು? ನೀವು ಬರುತ್ತೀರಾ?

ಸೈಟ್ ಇಂಜಿನಿಯರ್:
ವಿಷಯ ಬಂದದ್ದರಿಂದ ಹೇಳುತ್ತೇನೆ. ನಮ್ಮ ಅಂಗಳ, ನಮ್ಮ ಮರ ಎಂದುಕೊಂಡು ಬೆಳೆದ ಮೇಲೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ, ಸಂಪಿಗೆಗೆ ಇಲ್ಲ. ಆದ್ದರಿಂದ ಜಾಗ ಅಳೆಯುವ ಕೆಲಸ ಈಗಲೇ ಆಗಬೇಕು.

ಸರಸ್ವತಿಪುರದ ಅಜ್ಜಿ:
ನರ್ಸರಿಯವರ ಬೆಲೆಗೆ ತಲೆಯಾಡಿಸುವ ಮೊದಲು ಕರ್ಜನ್ ಪಾರ್ಕಿನಲ್ಲಿ ತೋಟಗಾರಿಕೆ ಇಲಾಖೆಯವರ ಹತ್ತಿರವೂ ಒಮ್ಮೆ ಕೇಳು. ನಮ್ಮ ಯಜಮಾನರು ನಿಂಬೆ, ಕರಿಬೇವು ಎಲ್ಲ ಅಲ್ಲಿಂದಲೇ ತರುತ್ತಿದ್ದರು. ಕಸಿ ಸಂಪಿಗೆ ಇದ್ದರೆ ನಿನ್ನ ಅದೃಷ್ಟ.

ಬೋಗಾದಿ ಹೊಸಮನೆ:
ಎಲ್ಲರಿಗೂ ವಂದನೆ. ದೊಡ್ಡ ಗಿಡಕ್ಕೆ ಮುಂಗಡದ ಷರತ್ತು ಹೇಳಿದೆ. ಒಪ್ಪಲಿಲ್ಲ. "ಬೇಕಾದರೆ 2,200ಕ್ಕೆ ಕೊಡುತ್ತೇನೆ, ಇವತ್ತೇ ಕೊಂಡುಹೋಗಿ" ಎಂದರು. ಅಲ್ಲಿಗೆ ಉತ್ತರ ಸಿಕ್ಕಿತು. ಎರಡೂವರೆ ಅಡಿಯ ಕಸಿಯನ್ನೇ ತೆಗೆದುಕೊಳ್ಳುತ್ತೇವೆ. ಚೇಂಬರಿನಿಂದ ಇನ್ನೊಂದಡಿ ದೂರ ಸರಿಸಿ ಗುರುತು ಹಾಕಿದ್ದೇವೆ. ಹಾರೆ ಹಾಕಿದೆವು, ಇಂಜಿನಿಯರ್ ಸಾಹೇಬರು ಹೇಳಿದ ಸದ್ದೇ ಬಂತು. ಅರ್ಧ ಗೋಡೆ ಕಟ್ಟುವಷ್ಟು ಇಟ್ಟಿಗೆ ಸಿಕ್ಕಿದೆ. ಅಮ್ಮ ಪಾರಿಜಾತವೂ ಬೇಕೆಂದು ಹಟ ಹಿಡಿದಿದ್ದಾರೆ. ಹಿಂದುಗಡೆ ನಾಲ್ಕಡಿಯ ಓಣಿ ಇದೆ, ಅಲ್ಲಿ ಆಗುತ್ತದೆಯೇ?

ಸಸ್ಯಶಾಸ್ತ್ರದ ಮೇಷ್ಟ್ರು:
ನಾಲ್ಕಡಿ ಓಣಿಯಲ್ಲಿ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಅರ್ಧ ದಿನವಾದರೂ ಇಲ್ಲದಿದ್ದರೆ ಗಿಡ ಬದುಕುತ್ತದೆ, ಹೂವು ನಾಚಿಕೊಳ್ಳುತ್ತದೆ.

ಸಸಿಗಾಡಿ:
ಸಂಪಿಗೆ ನಾಲ್ಕೈದು ಅಡಿಗೆ ಬಂದಾಗ ತುದಿ ಚಿವುಟಿ ಸಾರ್. ಕವಲೊಡೆದು ಅಗಲವಾಗುತ್ತದೆ, ಹೂವು ಕೈಗೆ ಎಟುಕುತ್ತದೆ.

ಸಸ್ಯಶಾಸ್ತ್ರದ ಮೇಷ್ಟ್ರು:
ಚಿವುಟುವುದು ಸರಿ. ಬೆಳೆದ ಮೇಲೆ ತಲೆ ಕಡಿಸುವುದು ಬೇಡ, ಕಡಿದಲ್ಲಿ ಕೊಳೆ ಹಿಡಿಯುತ್ತದೆ.

ವಾಸ್ತು ವಿಚಾರ:
ಹಾವು ಬಂದಾಗ ಇಲ್ಲಿಯೇ ಬರೆದು ತಿಳಿಸಿ.

ಚಿಟ್ಟೆ ಹುಚ್ಚು:
ಚಿಟ್ಟೆ ಬಂದಾಗಲೂ ತಿಳಿಸಿ!

ಹೆಬ್ಬಾಳ ಮೂರನೇ ಮಹಡಿ:
ಎಲ್ಲವನ್ನೂ ಓದಿದೆ. ನಮ್ಮದು ಅಪಾರ್ಟ್‌ಮೆಂಟ್. ತಾರಸಿಯ ಮೇಲೆ ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಟಬೆಬೂಯಾ ಬೆಳೆಯಬಹುದೇ?

ಸೈಟ್ ಇಂಜಿನಿಯರ್:
ಆ ಡ್ರಮ್ಮಿನ ತುಂಬ ಹಸಿ ಮಣ್ಣು ತುಂಬಿದರೆ ಮುನ್ನೂರು ಕಿಲೋ ದಾಟುತ್ತದೆ. ಕೆಳಗಿನ ಮನೆಯವರ ಒಪ್ಪಿಗೆ ಪಡೆದು ಹೊಸ ಚರ್ಚೆ ಆರಂಭಿಸಿ, ಅಲ್ಲಿ ಉತ್ತರಿಸುತ್ತೇನೆ.